ಮನೆ ಗುಂಪಿನ ಚರ್ಚೆ: ಅಪ್ಪನ ಸಹಸ್ರಚಂದ್ರ ಮತ್ತು ಮಕ್ಕಳ ಸ್ಕೂಲು

ಸುಮಾ (ರೆಡಿಂಗ್, ಇಂಗ್ಲೆಂಡ್): [ಸುದ್ದಿ ಲಿಂಕ್: ಶಾಲೆ ನಡೆಯುವಾಗ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದರೆ ಇಂಗ್ಲೆಂಡಿನಲ್ಲಿ ದಂಡ]

ಸುಮಾ: ಎಲ್ರೂ ಇದನ್ನ ಒಂದ್ಸಲ ಓದಿ. ನವೆಂಬರಲ್ಲಿ ಯಾಕೆ ಬರಕ್ಕಾಗಲ್ಲ ಅಂತ ಫೋನಲ್ಲಿ ಒಬ್ಬೊಬ್ರಿಗೂ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲೇ ಹಾಕ್ತಿದೀನಿ. ಅಪ್ಪನಿಗೆ ಸಾವಿರ ಹುಣ್ಣಿಮೆ ಆದದ್ದಕ್ಕೆ ಊರಲ್ಲಿ ಸಹಸ್ರಚಂದ್ರ ಶಾಂತಿ ಇದೆ, ಎಂಟು ದಿನ ರಜೆ ಕೊಡಿ ಅಂತ ಇಬ್ರು ಮಕ್ಕಳ ಸ್ಕೂಲಿಗೂ ಬರೆದಿದ್ದೆ, ಎರಡೂ ಕಡೆಯಿಂದ ಆಗಲ್ಲ ಅಂತ ಉತ್ತರ ಬಂತು. ಶುಭ ಹಾರೈಸಿದಾರೆ, ರಜೆ ಕೊಟ್ಟಿಲ್ಲ.

ರಘು: ಅಕ್ಕ ಸುಮ್ನೆ ಬಾ. ದಂಡ ಕಟ್ಟಿದ್ರಾಯ್ತು. ಎಷ್ಟಾಗುತ್ತೆ ಅದು

ಸುಮಾ: ಒಂದು ಮಗುಗೆ ಒಬ್ಬ ಪೇರೆಂಟಿಗೆ 80 ಪೌಂಡ್. ಇಬ್ರು ಮಕ್ಕಳು ನಾವಿಬ್ರು, ಅಲ್ಲಿಗೆ 320 ಪೌಂಡ್. 21 ದಿನದೊಳಗೆ ಕಟ್ಟದಿದ್ರೆ ಡಬಲ್. ಮೂರು ವರ್ಷದೊಳಗೆ ಇನ್ನೊಂದ್ಸಲ ಆದ್ರೆ ನೇರ 160ರಿಂದಲೇ ಶುರು, ಮೂರನೇ ಸಲ ಆದ್ರೆ ದಂಡ ಹಾಕಲ್ಲ, ಕೋರ್ಟಿಗೇ ಕಳಿಸಬಹುದು, ಅಲ್ಲಿ 2,500 ಪೌಂಡ್ ತನಕ ಹಾಕ್ಬಹುದು. ಮೊದಲು ಒಂದೊಂದು ಕೌನ್ಸಿಲ್ ಒಂದೊಂದು ಥರ ಇತ್ತು, 2024ರ ಆಗಸ್ಟಿಂದ ಇಡೀ ಇಂಗ್ಲೆಂಡಿಗೆ ಒಂದೇ ಲೆಕ್ಕ, ಹತ್ತು ವಾರದಲ್ಲಿ ಐದು ದಿನ ಒಪ್ಪಿಗೆ ಇಲ್ಲದೆ ತಪ್ಪಿಸಿದ್ರೆ ದಂಡದ ಸಾಲಿಗೆ ಬರ್ತೀವಿ. ಸ್ಕಾಟ್ಲೆಂಡಲ್ಲಿ ಈ ದಂಡ ಇಲ್ಲ. ವೇಲ್ಸಲ್ಲಿ ಹತ್ತು ದಿನ ತನಕ ಹೆಡ್ ಟೀಚರ್ ಮನಸ್ಸು ಮಾಡಿದ್ರೆ ಕೊಡ್ಬಹುದು. ನಮ್ಮ ಗ್ರಹಚಾರಕ್ಕೆ ನಾವಿರೋದು ಇಂಗ್ಲೆಂಡಲ್ಲಿ.

ರಘು: 320 ಪೌಂಡ್ ಅಂದ್ರೆ 35-40 ಸಾವಿರ ರೂಪಾಯಿ. ರಜಾ ಸೀಸನ್ನಲ್ಲಿ ನಾಲ್ಕು ಜನ ಬಂದ್ರೆ ಟಿಕೆಟ್ಟಿಗೇ ಅದಕ್ಕಿಂತ ಜಾಸ್ತಿ ಕೊಡ್ತೀಯ

ಸುಮಾ: ಇಲ್ಲೂ ಎಲ್ರೂ ಇದೇ ಲೆಕ್ಕ ಹಾಕೋದು ಕಣೋ. ದಂಡಾನ ಟ್ರಿಪ್ಪಿನ ಖರ್ಚಲ್ಲೇ ಸೇರಿಸ್ಕೋತಾರೆ. ಐಲ್ ಆಫ್ ವೈಟ್‌ನ ಜಾನ್ ಪ್ಲಾಟ್ ಅನ್ನೋರು 2015ರಲ್ಲಿ ಮಗಳನ್ನ ಫ್ಲೋರಿಡಾದ ಡಿಸ್ನಿ ವರ್ಲ್ಡಿಗೆ ಕರ್ಕೊಂಡು ಹೋಗಿ, ಅವಳ ಹಾಜರಾತಿ 90 ಪರ್ಸೆಂಟ್ ಮೇಲಿದೆ ನಾನ್ಯಾಕೆ ಕಟ್ಲಿ ಅಂತ ಹಠ ಹಿಡಿದ್ರು, ಹೈಕೋರ್ಟಲ್ಲಿ ಗೆದ್ದೂ ಗೆದ್ರು, ಆದ್ರೆ 2017ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಿರುಗಿಸಿ ಹಾಕ್ತು. ಒಟ್ಟು ಎಷ್ಟು ಪರ್ಸೆಂಟ್ ಬಂದಿದಾಳೆ ಅನ್ನೋದು ಮುಖ್ಯ ಅಲ್ಲ, ಸ್ಕೂಲಿನ ನಿಯಮದ ಪ್ರಕಾರ ಬರ್ಬೇಕು ಅಷ್ಟೆ ಅಂತ.

ಕಾರ್ತಿಕ್ (ಮ್ಯೂನಿಕ್): ಸುಮಕ್ಕ ನಮ್ಮಲ್ಲಿ ಇನ್ನೂ ಬಿಗಿ. 2018ರಲ್ಲಿ ಇಲ್ಲೇ ಹತ್ರ ಮೆಮ್ಮಿಂಗೆನ್ ಏರ್‌ಪೋರ್ಟಲ್ಲಿ ಪೊಲೀಸರು ನಿಂತು, ರಜೆ ಶುರುವಾಗೋದಕ್ಕೆ ಮುಂಚೆನೇ ಹೊರಟ ಫ್ಯಾಮಿಲಿಗಳನ್ನ ಹಿಡಿದು ಸ್ಕೂಲಿಂದ ಒಪ್ಪಿಗೆ ತಗೊಂಡಿದೀರಾ ಅಂತ ಕೇಳಿದ್ರು

ಗಣೇಶ ಚಿಕ್ಕಪ್ಪ: ಅಜ್ಜನ ಕಾರ್ಯಕ್ಕೆ ಮೊಮ್ಮಕ್ಕಳು ಬಂದ್ರೆ ದಂಡ ಅಂದ್ರೆ ಎಂಥಾ ದೇಶ ಮಾರಾಯ ಅದು. ನಾವು ಚಿಕ್ಕವರಿದ್ದಾಗ ಕೊನೆಕೊಯ್ಲು ಬಂತು ಅಂದ್ರೆ ಸ್ಕೂಲಿಗೆ ಯಾರು ಹೋಗ್ತಿದ್ರು, ಹಗಲು ಉದುರಡಿಕೆ ಹೆಕ್ಕೋದು, ರಾತ್ರಿ ಎಲ್ಲರ ಜೊತೆ ಕೂತು ಅಡಿಕೆ ಸುಲಿಯೋದು, ಮೇಷ್ಟ್ರೂ ಕೇಳ್ತಿರ್ಲಿಲ್ಲ, ಅವರ ಮನೇಲೂ ತೋಟ ಇತ್ತು

ರಘು: ಕರೆಕ್ಟ್ ಚಿಕ್ಕಪ್ಪ. ಇಲ್ಲಿ ಬೆಂಗಳೂರಲ್ಲೂ ಯಾರೂ ತಲೆ ಕೆಡಿಸ್ಕೊಳಲ್ಲ. ಜನವರಿಲಿ ವಿಯೆಟ್ನಾಂಗೆ ಹೋದಾಗ ವೈರಲ್ ಫೀವರ್ ಅಂತ ಒಂದು ಮೆಸೇಜ್ ಹಾಕಿದ್ವಿ, ಟೇಕ್ ಕೇರ್ ಅಂತ ಉತ್ತರ ಬಂತು, ಮುಗೀತು. ಏಪ್ರಿಲ್ ಮೇ ಅಂದ್ರೆ ಹೋಟೆಲ್ ರೇಟ್ ಮುಟ್ಟಂಗಿಲ್ಲ, ನಮ್ಮ ಟೀಮಲ್ಲಿ ಎಲ್ರಿಗೂ ಅದೇ ವಾರಗಳೇ ಬೇಕು, ಯಾರಿಗೂ ಸಿಗಲ್ಲ

ವೀಣಾ: ಬ್ಯಾಂಕಲ್ಲಿ ನನಗೆ ಮಾರ್ಚ್ ಕ್ಲೋಸಿಂಗ್, ಅದು ಮುಗಿದ್ರೂ ಏಪ್ರಿಲ್ ಮೊದಲನೇ ವಾರ ಅಲ್ಲಾಡಂಗಿಲ್ಲ. ಇಬ್ರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಜನವರಿಲಿ ಮಾತ್ರ

ಶಾರದಾ ಅತ್ತೆ: ರಘು, ಟ್ರಿಪ್ಪಿಗೆ ಹೋಗಿದ್ದು ನಂಗೊತ್ತು, ಫೋಟೋ ಕಳ್ಸಿದ್ದೆ, ನೋಡಿ ಖುಷಿಪಟ್ಟೆ. ಜ್ವರ ಅಂತ ಹೇಳಿ ಹೋಗಿದ್ದು ಈಗ ಗೊತ್ತಾಯ್ತು. ನನಗದು ಸರಿ ಕಾಣ್ಲಿಲ್ಲ ಕಣೋ.

ರಘು: ಅತ್ತೆ ಅದೊಂದು ಫಾರ್ಮಾಲಿಟಿ ಅಷ್ಟೆ, ಎಲ್ರೂ ಹಾಗೇ ಬರೆಯೋದು. ಮತ್ತೆ ಮಕ್ಕಳು ಅಲ್ಲಿ ಸುಮ್ನೆ ಈಜುಕೊಳದಲ್ಲಿ ಬಿದ್ದಿರ್ಲಿಲ್ಲ, ಮೀ ಸನ್ ದೇವಸ್ಥಾನಗಳಿಗೆ ಕರ್ಕೊಂಡು ಹೋಗಿದ್ದೆ, ಅಲ್ಲಿನ ಹಳೇ ಚಂಪಾ ರಾಜ್ಯದ ರಾಜರು ಕಟ್ಟಿಸಿದ್ದು, ಅಲ್ಲಿ ಸಂಸ್ಕೃತ ಶಾಸನ ಇದೆ, ಭದ್ರೇಶ್ವರ ಅಂತ ಶಿವನಿಗೆ ಹೆಸರು, ಚಿನ್ನು ಅದನ್ನ ನೋಡಿ ಅಪ್ಪಾ ನಮ್ಮ ಶಿವ ಇಷ್ಟು ದೂರ ಹೇಗೆ ಬಂದ ಅಂತ ಕೇಳಿದ, ಆ ಪ್ರಶ್ನೆ ಯಾವ ಕ್ಲಾಸ್‌ರೂಮಲ್ಲಿ ಹುಟ್ಟುತ್ತೆ ಹೇಳಿ. ಆ ವಾರ ಸ್ಕೂಲಿಗೆ ಹೋಗಿದ್ರೆ ಎರಡು ವರ್ಕ್‌ಶೀಟ್ ತುಂಬಿಸ್ತಿದ್ದ

ಶಾರದಾ ಅತ್ತೆ: ಆ ಪ್ರಶ್ನೆ ದೊಡ್ಡದು, ಒಪ್ಪಿದೆ. ಹಂಗಾದ್ರೆ ಪತ್ರದಲ್ಲಿ ಅದನ್ನೇ ಬರೀಬಹುದಿತ್ತಲ್ಲ? ಮಗನಿಗೆ ಚಂಪಾ ದೇವಸ್ಥಾನ ತೋರಿಸ್ಬೇಕು, ಐದು ದಿನ ಬರಲ್ಲ, ತಪ್ಪಿದ ಪಾಠ ನಾವು ಮಾಡಿಸ್ತೀವಿ ಅಂತ. ವಾಪಸ್ ಬಂದ್ಮೇಲೆ ಟೀಚರ್ ಅವನನ್ನ ಮುಂದೆ ನಿಲ್ಸಿ ಏನು ನೋಡ್ದೆ ಹೇಳು ಅಂತ ಕೇಳೋರು, ನಲವತ್ತು ಮಕ್ಕಳಿಗೆ ಗೊತ್ತಾಗೋದು. ಜ್ವರ ಅಂತ ಬರೆದಿದ್ದಕ್ಕೆ ಅವನು ನೋಡಿದ್ದನ್ನೆಲ್ಲ ಬಾಯಿ ಮುಚ್ಚಿ ಇಟ್ಕೋಬೇಕಾಯ್ತು.

ರಘು: ನಿಜ ಬರೆದ್ರೆ ಬೇಡ ಅಂತಾರೆ ಅತ್ತೆ

ಶಾರದಾ ಅತ್ತೆ: ಬೇಡ ಅಂದ್ರೆ ಬೇಡ ಅಂದಿದ್ದು ಗೊತ್ತಿಟ್ಕೊಂಡು ಹೋಗ್ಬೇಕು. ಇಲ್ಲಿ ಇಂಗ್ಲೆಂಡ್ ಥರ ದಂಡ ಏನಿಲ್ಲ. ಹತ್ತನೇ ಕ್ಲಾಸಲ್ಲಿ ಪರೀಕ್ಷೆಗೆ ಕೂರೋಕೆ 75 ಪರ್ಸೆಂಟ್ ಹಾಜರಾತಿ ಬೇಕು, ಅದು ಸ್ಟೇಟಲ್ಲೂ ಇದೆ, ಸಿಬಿಎಸ್‌ಇಲೂ ಇದೆ. ನಾಲ್ಕನೇ ಕ್ಲಾಸಿನ ಹುಡುಗ ಒಂದು ವಾರ ಹೋಗಿಬಂದ್ರೆ ನಿಮ್ಮನ್ನ ಯಾರೂ ಕೋರ್ಟಿಗೆ ಎಳೆಯಲ್ಲ. ಭಯಪಡೋ ಅಂಥದ್ದೇ ಇಲ್ಲದಿರೋ ಕಡೆ ಸುಳ್ಳು ಯಾಕೆ ಬೇಕಿತ್ತು?

ಶಾರದಾ ಅತ್ತೆ: ಇನ್ನೊಂದು ವಿಷಯ, ಉದ್ದ ಆಗುತ್ತೆ, ಆದ್ರೂ ಓದು. ನಾನು ರಾಯಚೂರಿನ ಮಾನ್ವಿ ತಾಲೂಕಲ್ಲಿ ಟೀಚರ್ ಆಗಿದ್ದಾಗ ದಸರಾ ಕಳೀತು ಅಂದ್ರೆ ಹತ್ತಿ ಬಿಡಿಸೋದು ಶುರು, ನಾಲ್ಕು ಐದು ಆರನೇ ಕ್ಲಾಸಿನ ಹೆಣ್ಮಕ್ಕಳು ಒಬ್ಬೊಬ್ರೇ ಕಾಣೆ, ಅದಾದ್ಮೇಲೆ ಗುಳೆ, ಇಡೀ ಮನೆಗೆ ಬೀಗ ಹಾಕ್ಕೊಂಡು ಬೆಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋಗೋರು, ಬೀಗ ಇಲ್ಲದ ಮನೆಗಳಿಗೆ ನಾವು ಬೆಳಿಗ್ಗೆ ಏಳಕ್ಕೇ ಹೋಗಿ ಬಾಗಿಲಲ್ಲಿ ನಿಂತು ಕಳ್ಸಮ್ಮ ಕಳ್ಸಮ್ಮ ಅಂತ ಕೇಳ್ತಿದ್ವಿ, ಹೊಟ್ಟೆಪಾಡು ಟೀಚರ್ರೇ ಅನ್ನೋರು, ಅವರ ಮುಂದೆ ನಿಂತು ಕಾನೂನು ಹೇಳ್ಬೇಕಿತ್ತು ನಾನು. ಆ ತಾಯಂದಿರು ಯಾರೂ ನಂಗೆ ಸುಳ್ಳು ಹೇಳ್ಲಿಲ್ಲ. ಹತ್ತಿಗೆ ಹೋಗೈತ್ರಿ ಅಂತ ಮುಖಕ್ಕೇ ಹೇಳೋರು. ಆ ಮಗುನ ರಿಜಿಸ್ಟರಲ್ಲಿ ಗೈರುಹಾಜರಿ ಅಂತ ಬರೆದು ಮೇಲಿನವರಿಗೆ ವರದಿ ಕಳ್ಸೋದು, ಇಲ್ಲಿ ವಿಮಾನ ಹತ್ತಿದ ಮಗುಗೆ ಎಕ್ಸ್‌ಪೋಶರ್ ಅನ್ನೋದು, ಇದು ನನ್ನ ಎದೆಗೆ ಇಳಿಯಲ್ಲ.

ರಘು: ಅತ್ತೆ ಇದು ಅನ್ಯಾಯ. ಹತ್ತಿ ಹೊಲದಲ್ಲಿ ದುಡಿಯೋ ಮಗುಗೂ ನಮ್ಮ ಟ್ರಿಪ್ಪಿಗೂ ಹೋಲಿಕೆನಾ. ಅದು ಬಾಲಕಾರ್ಮಿಕ ಸಮಸ್ಯೆ

ಶಾರದಾ ಅತ್ತೆ: ಎರಡೂ ಒಂದೇ ಅಂತ ನಾನೂ ಹೇಳ್ತಿಲ್ಲ. ಅವರಿಗೆ ಬೇರೆ ದಾರಿ ಇರ್ಲಿಲ್ಲ, ನಿಮಗೆ ಇತ್ತು. ಅದಕ್ಕೇ ನಿಮ್ಮ ಹತ್ರ ಜಾಸ್ತಿ ಕೇಳ್ತೀನಿ.

ಕಾರ್ತಿಕ್: ಅತ್ತೆ ಹೇಳೋದ್ರಲ್ಲಿ ಪಾಯಿಂಟ್ ಇದೆ ರಘಣ್ಣ

ರಘು: ನೀನು ಜರ್ಮನಿ ಪೊಲೀಸ್ ಪರ ಇದ್ದೀಯ ಬಿಡು

ವೀಣಾ: ಜಗಳ ಬೇಡ. ಶಾರದತ್ತೆ, ಒಂದು ವಾರದಲ್ಲಿ ನಿಜವಾಗ್ಲೂ ಅಷ್ಟು ನಷ್ಟ ಆಗುತ್ತಾ? ನೋಟ್ಸ್ ಎಲ್ಲ ಪೇರೆಂಟ್ಸ್ ಗ್ರೂಪಲ್ಲಿ ಹಾಕ್ತಾರೆ ಈಗ

ಶಾರದಾ ಅತ್ತೆ: ಕ್ಲಾಸಿನ ಮೇಲಿದೆ ವೀಣಾ. ಸರ್ಕಾರಿ ಶಾಲೇಲಿ ನಲಿಕಲಿ ಇದೆಯಲ್ಲ, ಒಂದರಿಂದ ಮೂರನೇ ಕ್ಲಾಸಿಗೆ, ಅದು 1995ರಲ್ಲಿ ಹೆಗ್ಗಡದೇವನಕೋಟೆಲಿ ಶುರುವಾಗಿದ್ದು. ಅದ್ರಲ್ಲಿ ಪ್ರತಿ ಮಗುಗೂ ಕಲಿಕಾ ಏಣಿ ಅಂತ ಇರುತ್ತೆ, ಹದಿನೈದು ದಿನ ಬಿಟ್ಟು ಬಂದ್ರೂ ಯಾವ ಮೆಟ್ಟಿಲಲ್ಲಿ ನಿಂತಿತ್ತೋ ಅಲ್ಲಿಂದಲೇ ಹತ್ತುತ್ತೆ, ಪಕ್ಕದ ಮಗು ಮುಂದಿದೆ ಅಂತ ಇದಕ್ಕೆ ಅಡ್ಡಿ ಇಲ್ಲ. ಹಳ್ಳಿ ಮಕ್ಕಳು ಬಿಟ್ಟು ಬಿಟ್ಟು ಬರ್ತಾರೆ ಅನ್ನೋದನ್ನ ಒಪ್ಕೊಂಡು ನಡೆಸೋ ಕ್ರಮ ಅದು, ನಾನು ಪಾಠ ಮಾಡಿದ್ರಲ್ಲಿ ನಂಗೆ ತುಂಬ ಇಷ್ಟವಾದದ್ದು. ನಾಲ್ಕನೇ ಕ್ಲಾಸಿಗೆ ಬಂದ್ರೆ ಹಾಗಿಲ್ಲ, ಪಾಠ ಎಲ್ಲರಿಗೂ ಒಟ್ಟಿಗೆ ಓಡುತ್ತೆ. ಸಮಾಜ ತಪ್ಪಿದ್ರೆ ಓದ್ಕೋಬಹುದು. ಭಿನ್ನರಾಶಿ ಶುರುವಾದ ವಾರ ತಪ್ಪಿದ್ರೆ ನೋಟ್ಸ್ ನೋಡಿ ಏನೂ ತಲೆಗೆ ಹೋಗಲ್ಲ, ಉತ್ತರ ಕಾಪಿ ಮಾಡ್ಬಹುದು ಅಷ್ಟೆ. ಅದನ್ನ ಮತ್ತೆ ಯಾರು ಹೇಳ್ಕೊಡ್ಬೇಕು? ಟೀಚರ್, ಊಟದ ಬೆಲ್ ಹೊತ್ತಲ್ಲಿ ಕೂತ್ಕೊಂಡು. ಜ್ವರ ಬಂದ ಮಗು ಅಂತ ಪಾಪ ಅಂದ್ಕೊಂಡು.

ವೀಣಾ: ಹ್ಮ್. ಚಿನ್ನುಗೆ ಆ ಟೀಚರ್ ಎಕ್ಸ್‌ಟ್ರಾ ಕೂರಿಸಿ ಹೇಳ್ಕೊಟ್ರು, ಹೌದು

ಧನ್ಯಾ: ರಘು ಮಾವ ನಾನೊಂದು ಹೇಳ್ಲಾ. ನಮ್ಮ ಮನೇಲೂ ಆರನೇ ಕ್ಲಾಸಲ್ಲಿ ಹೀಗೇ ಮಾಡಿದ್ರು ನಂಗೆ ಗೋವಾ ಟ್ರಿಪ್ ಇತ್ತು ಅಮ್ಮ ಜ್ವರ ಅಂತ ಲೆಟರ್ ಕೊಟ್ರು ವಾಪಸ್ ಬಂದಾಗ ಮಿಸ್ ಹತ್ರ ಬಂದು ಹಣೆ ಮುಟ್ಟಿ ಈಗ ಹೆಂಗಿದ್ಯಮ್ಮ ಅಂದ್ರು ನಂಗೆ ಎಷ್ಟು ಕಷ್ಟ ಆಯ್ತು ಅಂದ್ರೆ ಚೆನ್ನಾಗಿದೀನಿ ಮಿಸ್ ಅಂದೆ ಮುಖಾನೇ ಎತ್ತಿಲ್ಲ. ನನ್ನ ಫ್ರೆಂಡ್ಸ್‌ಗೆ ಗೊತ್ತಿತ್ತು ಅವ್ರೆಲ್ಲ ಹಿಂದೆ ಕೂತು ನಗ್ತಿದ್ರು. ಟ್ರಿಪ್ ತುಂಬ ಚೆನ್ನಾಗಿತ್ತು, ಆದ್ರೆ ಆ ಮಿಸ್‌ಗೆ ಆಮೇಲೆ ನಾನು ಏನೇ ಹೇಳಿದ್ರೂ ಒಳಗೆ ಒಂಥರಾ ಆಗೋದು. ಸುಳ್ಳು ಬರೆಯೋದು ಅಪ್ಪ ಅಮ್ಮ, ಅದನ್ನ ದಿನಾ ಹೇಳ್ಕೊಂಡು ಓಡಾಡೋದು ನಾವು

ಶಾರದಾ ಅತ್ತೆ: ಇದನ್ನ ನೀನು ನಂಗೂ ಹೇಳಿರ್ಲಿಲ್ಲ ಪುಟ್ಟಿ.

ಗಣೇಶ ಚಿಕ್ಕಪ್ಪ: ಪಾಪ ಮಗು

ಸುಮಾ: ಧನ್ಯಾ ಹೇಳಿದ್ದು ನನ್ನ ಮನಸ್ಸಲ್ಲೂ ಇದ್ದಿದ್ದು. ಇಲ್ಲೂ ತುಂಬ ಜನ ಮಕ್ಕಳಿಗೆ ಹೊಟ್ಟೆನೋವು ಅಂತ ಫೋನ್ ಮಾಡಿ ಹೋಗ್ತಾರೆ. ನಾನು ಸ್ಕೂಲಿಗೆ ನಿಜಾನೇ ಬರೆದೆ, ಅಜ್ಜನಿಗೆ ಸಾವಿರ ಹುಣ್ಣಿಮೆ ಆದದ್ದಕ್ಕೆ ಮಾಡೋ ಪೂಜೆ ಅಂತ ಒಂದು ಪುಟ ಬರೆದಿದ್ದೆ. ಹಬ್ಬದ ದಿನ ಆದ್ರೆ ಧಾರ್ಮಿಕ ಕಾರಣ ಅಂತ ಆ ದಿನದ ಮಟ್ಟಿಗೆ ಒಪ್ತಾರೆ, ದೀಪಾವಳಿಗೆ ಸಿಗುತ್ತೆ, ಒಂದು ಮನೆಯ ಕಾರ್ಯಕ್ಕೆ ಆ ಲೆಕ್ಕ ಇಲ್ಲ. ಅಸಾಧಾರಣ ಸಂದರ್ಭ ಅಂತ ಹೆಡ್ ಟೀಚರಿಗೆ ಅನ್ನಿಸ್ಬೇಕು, ಅನ್ನಿಸ್ಲಿಲ್ಲ. ನಂಗೆ ಅಳು ಬಂತು ನಿಜ, ಆದ್ರೂ ಈಗ ಜ್ವರ ಅಂತ ಹೇಳಿ ಹೊರಡಕ್ಕೆ ನನ್ನಿಂದ ಆಗಲ್ಲ. ದಂಡ ಕಟ್ಟಿ ಬಂದ್ರೆ ರಾಜಾರೋಷವಾಗಿ ಕಟ್ಟಿ ಬರ್ತೀನಿ, ಅಪ್ಪನಿಗೆ 81, ಇದನ್ನ ತಪ್ಪಿಸ್ಕೊಳ್ಳೋ ಮನಸ್ಸಿಲ್ಲ.

ಗಣೇಶ ಚಿಕ್ಕಪ್ಪ: ಕ್ರಿಸ್ಮಸ್ ರಜೆಗೆ ಇಡೋಣ ಅಂದ್ರೆ ಧನುರ್ಮಾಸ, ಶುಭಕಾರ್ಯ ಮಾಡಂಗಿಲ್ಲ. ನಿಮ್ಮ ದೊಡ್ಡ ರಜೆಲಿ ಇಲ್ಲಿ ಆಷಾಢದ ಮಳೆ, ಸಾಗರದಲ್ಲಿ ಚಪ್ಪರ ನಿಲ್ಲಲ್ಲ. ಅದಕ್ಕೇ ಕಾರ್ತಿಕ ಅಂತ ಭಟ್ರ ಹತ್ರ ನವೆಂಬರಲ್ಲಿ ಇಡಿಸಿದ್ದು

ಸುಮಾ: ಚಿಕ್ಕಪ್ಪ ಬೇಜಾರು ಮಾಡ್ಕೋಬೇಡಿ, ಒಂದು ಹೇಳ್ತೀನಿ. ದಿನ ಇಟ್ಟಾದ್ಮೇಲೆ ನಂಗೆ ಹೇಳಿದ್ದು. ಭಟ್ರನ್ನ ಕೇಳಿದ್ರಿ, ಅಡಿಗೆಯವರನ್ನ ಕೇಳಿದ್ರಿ, ನನ್ನ ಮಕ್ಕಳಿಗೆ ಯಾವಾಗ ರಜೆ ಅಂತ ಯಾರೂ ಕೇಳ್ಲಿಲ್ಲ. ಅಕ್ಟೋಬರ್ ಕೊನೇಲಿ ಇಲ್ಲಿ ಹಾಫ್ ಟರ್ಮ್ ಅಂತ ಒಂದು ವಾರ ರಜೆ ಇದೆ, ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿದ್ರೆ ಒಂಬತ್ತು ದಿನ. ಟಿಕೆಟ್ ತುಟ್ಟಿ, ಆದ್ರೂ ಬರ್ತೀನಿ. ಎರಡು ವಾರ ಮುಂಚೆನೇ ಇಡಕ್ಕೆ ಆಗುತ್ತಾ?

ಗಣೇಶ ಚಿಕ್ಕಪ್ಪ: ಇದು ಹೌದು. ನಮಗೆ ಹೊಳೀಲಿಲ್ಲ ಮಗಾ. ಎಂಬತ್ತು ವರ್ಷ ಹತ್ತು ತಿಂಗಳಿಗೆ ಸಾವಿರ ಹುಣ್ಣಿಮೆ ಆಗುತ್ತೆ, ಅಣ್ಣಯ್ಯನಿಗೆ ಅದು ಮುಗಿದಿದೆ, ಇನ್ನು ಒಳ್ಳೆ ದಿನ ಸಿಕ್ಕಿದ್ರೆ ಸಾಕು. ನಾಳೆ ಬೆಳಿಗ್ಗೆ ಭಟ್ರ ಮನೆಗೆ ಹೋಗ್ತೀನಿ. ನೀನು ರಜೆ ತಾರೀಕು ಬರೆದು ಹಾಕು ಇಲ್ಲಿ

ಶಾರದಾ ಅತ್ತೆ: ಗಣೇಶ, ಅಡಿಗೆಯವರಿಗೂ ನಾಳೆನೇ ಫೋನ್ ಮಾಡು, ದಸರಾ ಆದ್ಮೇಲೆ ಅವರು ಸಿಗಲ್ಲ. ಭಾನುವಾರ ಆದ್ರೆ ಒಳ್ಳೇದು ಅಂತ ಭಟ್ರಿಗೆ ಹೇಳು.

ವೀಣಾ: ಭಾನುವಾರ ಆದ್ರೆ ನಾವು ಶುಕ್ರವಾರ ರಾತ್ರಿ ತಾಳಗುಪ್ಪ ಟ್ರೈನಿಗೆ ಬರ್ತೀವಿ, ಭಾನುವಾರ ರಾತ್ರಿ ವಾಪಸ್. ಚಿನ್ನುಗೆ ಶನಿವಾರ ಒಂದು ದಿನ ತಪ್ಪುತ್ತೆ

ಶಾರದಾ ಅತ್ತೆ: ರಘು, ಆ ಶನಿವಾರದ ಪತ್ರದಲ್ಲಿ ಏನು ಬರೀತೀಯ?

ರಘು: ಅಜ್ಜನ ಸಹಸ್ರಚಂದ್ರ ಅಂತಲೇ ಬರೀತೀನಿ ಅತ್ತೆ. ಆದ್ರೆ ವಿಯೆಟ್ನಾಂಗೆ ಹೋಗಿದ್ದು ತಪ್ಪು ಅಂತ ಮಾತ್ರ ನಾನು ಒಪ್ಪಲ್ಲ, ಮುಂದಿನ ಸಲನೂ ರಜೆ ಸಿಕ್ಕಾಗಲೇ ಹೋಗೋದು, ಸ್ಕೂಲ್ ಕ್ಯಾಲೆಂಡರ್ ನೋಡ್ಕೊಂಡು ಕೂತ್ರೆ ನಾವು ನಾಲ್ಕು ಜನ ಒಟ್ಟಿಗೆ ಎಲ್ಲಿಗೂ ಹೋಗಲ್ಲ

ಶಾರದಾ ಅತ್ತೆ: ಹೋಗು. ಅದನ್ನೂ ಬರೆದು ಕೊಟ್ಟು ಹೋಗು. ಪರೀಕ್ಷೆ ವಾರ, ಹೊಸ ಪಾಠ ಶುರುವಾಗೋ ವಾರ ಯಾವುದು ಅಂತ ಮೊದಲೇ ಆ ಟೀಚರನ್ನ ಕೇಳು, ಅವರೇ ಹೇಳ್ತಾರೆ.

ರಘು: ಕೇಳಿ ನೋಡ್ತೀನಿ. ಬೇಡ ಅಂದ್ರೆ ನಿಮ್ಮ ಹತ್ರನೇ ಬರ್ತೀನಿ

ಸುಮಾ: ಚಿಕ್ಕಪ್ಪ, ರಜೆ ಪಟ್ಟಿ ಫೋಟೋ ಹಾಕಿದೀನಿ, ಕೆಂಪು ಗೆರೆ ಹಾಕಿರೋ ವಾರ ನೋಡಿ. ಶನಿವಾರ ಇಲ್ಲಿಂದ ಹೊರಟ್ರೂ ಊರು ಸೇರೋದು ಭಾನುವಾರ ಸಂಜೆ, ಅದಕ್ಕೆ ಮೊದಲನೇ ಭಾನುವಾರ ಬೇಡ ಅಂತ ಭಟ್ರಿಗೆ ಹೇಳಿ. ಎರಡನೇ ಭಾನುವಾರ ಇಟ್ರೆ ಸೋಮವಾರದ ಸ್ಕೂಲು ತಪ್ಪುತ್ತೆ. ವಾರದ ಮಧ್ಯೆ ಒಂದು ದಿನ ಸಿಕ್ಕಿದ್ರೆ ನಮಗೆ ಸಲೀಸು, ಆದ್ರೆ ರಘು ಮನೆಯವರಿಗೆ ಕಷ್ಟ

ವೀಣಾ: ಗುರುವಾರ ಶುಕ್ರವಾರ ಆದ್ರೂ ಬರ್ತೀವಿ ಅತ್ತಿಗೆ. ಎರಡು ದಿನ ತಪ್ಪಿದ್ರೆ ತಪ್ಲಿ, ಟೀಚರ್ ಹತ್ರ ನಾನೇ ಹೋಗಿ ಮಾತಾಡ್ತೀನಿ

ಗಣೇಶ ಚಿಕ್ಕಪ್ಪ: ಸರಿ ಹಾಗಾದ್ರೆ ಶುಕ್ರವಾರ ಇಡಕ್ಕಾಗುತ್ತಾ ಅಂತ ಭಟ್ರನ್ನ ಕೇಳ್ತೀನಿ. ಕಾರ್ತಿಕ್ ನಿನ್ನ ರಜೆ ಯಾವಾಗ, ನೀನೂ ಬರೆದು ಹಾಕು ಈಗಲೇ