ಗಾಳದ ಕೋಲಿಗೆ ಇರುವುದು ಹಿಡಿಕೆಯೋ, ಕಾವೋ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಗಾಳದ ಕೋಲಿನಲ್ಲಿ ನಾವು ಕೈ ಹಿಡಿಯುವ ಕಡೆ ಇದೆಯಲ್ಲ, ಅದಕ್ಕೆ ಏನನ್ನಬೇಕು? ಅದು ಗಿಡ್ಡ ಆಯಿತು ಅಂತ ಹಿಂದೆ ಇನ್ನೊಂದು ತುಂಡು ಸೇರಿಸಿ ಉದ್ದ ಮಾಡಿದರೆ, ಆ ಕೆಲಸಕ್ಕೆ ಏನನ್ನಬೇಕು?

ನನ್ನ ಅಕ್ಕನ ಮಗ ಏಳು ಅಡಿಯ ಒಂದು ಕೋಲು ತರಿಸಿದ್ದಾನೆ. ಫೈಬರ್‌ನದು, ದಾರ ಸುತ್ತುವ ರೀಲ್ ಹಾಕುವಂಥದ್ದು. ಹಾವೇರಿಯಿಂದ ವರದಾ ನದಿಗೆ ಒಯ್ದು ಎಸೆದು ನೋಡಿದ. ಗಾಳ ಅವನು ಅಂದುಕೊಂಡಷ್ಟು ದೂರ ಬೀಳಲಿಲ್ಲ. ರೀಲಿನ ಹಿಂದೆ ಒಂದು ಕೈಗೆ ಮಾತ್ರ ಜಾಗ ಇತ್ತು. ಎರಡೂ ಕೈಯಲ್ಲಿ ಹಿಡಿದರೆ ಮೇಲಿನ ಕೈ ಮುಂದಕ್ಕೆ ದೂಡುತ್ತದೆ, ಕೆಳಗಿನ ಕೈ ತನ್ನ ಕಡೆ ಎಳೆದುಕೊಳ್ಳುತ್ತದೆ, ಬೀಸುವುದಕ್ಕೆ ಬಲ ಬರುತ್ತದೆ. ಅದಕ್ಕೆ ಹಿಂದೆ ಒಂದು ಗೇಣಾದರೂ ಜಾಸ್ತಿ ಬೇಕು. ಮೊಬೈಲಿನಲ್ಲಿ ಹುಡುಕಿದಾಗ ಅವನಿಗೆ ಸಿಕ್ಕ ಕನ್ನಡ ‘ಹ್ಯಾಂಡಲ್ ವಿಸ್ತರಣೆ’. ನನಗೆ ಓದಿ ತೋರಿಸಿ, “ಮಾಮಾ, ಇದು ಹಿಡಿಕಿ ದಪ್ಪ ಮಾಡೋದೇನ್ರಿ?” ಅಂತ ಕೇಳಿದ.

ಹುಡುಗ ಕೇಳಿದ್ದರಲ್ಲಿ ತಪ್ಪೇನಿಲ್ಲ. ವಿಸ್ತಾರ ಅಂದರೆ ಹರವು. ರಸ್ತೆ ವಿಸ್ತರಣೆ ಅಂದ ಕೂಡಲೇ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಮೊದಲು ನೋಡುವುದು ತಮ್ಮ ಮನೆ ಮುಂದಿನ ಕಟ್ಟೆಯನ್ನು. ರಸ್ತೆ ಮುಂದಿನ ಊರಿಗೆ ಹೋಗುತ್ತದೆ ಅಂತ ಯಾರೂ ತಿಳಿಯುವುದಿಲ್ಲ. ಉದ್ದಕ್ಕೆ ಆ ಪದ ಬೇಡ.

ಕೋಲನ್ನು ನಮ್ಮ ಓಣಿಯ ಬಡಿಗೇರ ಹತ್ತಿರ ಒಯ್ದೆವು. ಅವರು ಕೈಗೆ ತೆಗೆದುಕೊಂಡವರೇ, “ಕಾವು ಗಿಡ್ಡ ಆಗೇತ್ರಿ, ಒಂದು ಗೇಣು ಕೂಡ್ಸಿದ್ರ ಸಾಕಲ್ಲ?” ಅಂದರು. ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಅವರು ಮಾಡಿದ್ದನ್ನು ಸ್ವಲ್ಪ ಹೇಳಬೇಕು, ಪದ ಕೂಡುವುದು ಅಲ್ಲೇ. ಕೋಲಿನ ಹಿಂದಿನ ರಬ್ಬರ್ ಟೊಪ್ಪಿಗೆಯನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿದರು. ಒಳಗೆ ಟೊಳ್ಳು. ಊದುಬತ್ತಿ ಕಡ್ಡಿ ತೂರಿಸಿ ಆಳ ನೋಡಿ, ಉಗುರಿನಿಂದ ಗುರುತು ಮಾಡಿದರು. ಜಾಲಿ ಕಟ್ಟಿಗೆಯ ತುಂಡೊಂದನ್ನು ತೆಗೆದುಕೊಂಡು ಅದರ ಒಂದು ತುದಿಯನ್ನು ಆರು ಬೆರಳಿನಷ್ಟು ಉದ್ದಕ್ಕೆ ತೆಳ್ಳಗೆ ಕೆತ್ತಿದರು. ಉಳಿದದ್ದು ಕೋಲಿನಷ್ಟೇ ದಪ್ಪ. ತೆಳ್ಳಗಿನ ತುದಿಯನ್ನು ಒಳಗೆ ಹಾಕುವುದು, ತಿರುವಿ ನೋಡುವುದು, ತೆಗೆದು ಪಾಲಿಶ್ ಪೇಪರ್‌ನಿಂದ ಉಜ್ಜುವುದು, ಮತ್ತೆ ಹಾಕುವುದು. ಒಂದಿಷ್ಟೂ ಅಲುಗಾಡದ ಹಾಗೆ ಕೂತ ಮೇಲೆ ಅರಾಲ್ಡೈಟಿನ ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ, ಕಲಸಿ, ಹಚ್ಚಿ ಸೇರಿಸಿದರು. ಒಂದು ಇಡೀ ರಾತ್ರಿ ಮುಟ್ಟಬೇಡಿ ಅಂದರು.

ಈಗ ಪದಕ್ಕೆ ಬರುತ್ತೇನೆ. ಕುಡಗೋಲಿಗೆ, ಚಾಕುವಿಗೆ ಇರುವುದು ಹಿಡಿಕೆ. ಕೊಡಲಿಗೆ, ಗುದ್ದಲಿಗೆ, ಸಲಿಕೆಗೆ ಇರುವುದು ಕಾವು. ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತೇವೆಯೇ ಹೊರತು ಕೊಡಲಿ ಹಿಡಿಕೆ ಅನ್ನುವುದಿಲ್ಲ. ನನಗೆ ತಿಳಿದ ಮಟ್ಟಿಗೆ ವ್ಯತ್ಯಾಸ ಇಷ್ಟು: ಮುಷ್ಟಿಗೆ ಸಿಗುವಷ್ಟು ಇದ್ದರೆ ಹಿಡಿಕೆ, ಕೈ ಮೇಲೆ ಕೆಳಗೆ ಸರಿದಾಡುವಷ್ಟು ಉದ್ದ ಇದ್ದರೆ ಕಾವು. ತಮಿಳಿನ ಕಾಂಬು, ತೆಲುಗಿನ ಕಾಮ ಇದರ ನಂಟ ಪದಗಳೇ. ಅವಕ್ಕೆ ತೊಟ್ಟು, ದಂಟು ಅನ್ನುವ ಅರ್ಥವೂ ಇದೆ. ಹಾಗಾಗಿ ಕಾವು ಅನ್ನುವಲ್ಲಿ ಹಿಡಿಯುವುದಕ್ಕಿಂತ ಉದ್ದದ ನೆನಪೇ ಜಾಸ್ತಿ.

ಇದಕ್ಕೆ ನಮ್ಮ ಕಾಕಾನ ತಕರಾರು ಬೇರೆ. ಅವರು ಬಿದಿರಿನ ಗಳದಲ್ಲೇ ಮೀನು ಹಿಡಿದವರು. “ಗಳಕ್ಕ ಎಲ್ಲಿದೋ ಕಾವು, ಎಲ್ಲಿದೋ ಹಿಡಿಕಿ? ಬುಡ ಕೈಯಾಗ, ತುದಿಗೆ ದಾರ, ಅಷ್ಟ” ಅಂದರು. ಇದು ಗಟ್ಟಿ ಮಾತು. ಇಡೀ ಕೋಲು ಒಂದೇ ಬಿದಿರು ಆಗಿದ್ದಾಗ ಬುಡ-ತುದಿ ಎರಡೇ ಪದ ಸಾಕಾಗುತ್ತಿತ್ತು. ರೀಲ್ ಬಂದು ಕೋಲನ್ನು ಹಿಂದಿನದು, ಮುಂದಿನದು ಅಂತ ಎರಡು ಭಾಗ ಮಾಡಿತು. ರೀಲಿನ ಹಿಂದಿನದಕ್ಕೆ ಹೊಸದಾಗಿ ಹೆಸರು ಬೇಕಾಯಿತು. ಕೊಡಲಿಯ ಕಣ್ಣಿನೊಳಗೆ ಕಟ್ಟಿಗೆ ಹೊಕ್ಕ ಹಾಗೆ ಕೋಲಿನ ಟೊಳ್ಳಿನೊಳಗೆ ಈ ಜಾಲಿ ತುಂಡು ಹೊಕ್ಕಿದೆ. ಬೇರೆಲ್ಲ ಬಿಡಿ, ಕೂಡಿಸಿದ ಆ ತುಂಡನ್ನಾದರೂ ಕಾವು ಅನ್ನಲು ಅಡ್ಡಿ ಇಲ್ಲ ಅಲ್ವಾ?

ಹಾಗಾಗಿ ನಾನು ಹೀಗೆ ಬರೆಯಬೇಕು ಅಂದುಕೊಂಡಿದ್ದೇನೆ. ಅಂಗೈ ಕೂರುವ ಮೆತ್ತನೆಯ ಬೆಂಡಿನ ಭಾಗ ‘ಹಿಡಿಕೆ’. ರೀಲಿನ ಹಿಂದಿನ ಇಡೀ ಉದ್ದ ‘ಕಾವು’. ಕೆಲಸ ‘ಕಾವು ಕೂಡಿಸುವುದು’. ‘ಕಾವು ಹಾಕುವುದು’ ಅಂದರೆ ಇಲ್ಲದ್ದನ್ನು ಹೊಸದಾಗಿ ಹಾಕಿದಂತೆ ಆಗುತ್ತದೆ. ‘ಚಾಚು’ ಕೂಡ ಒಪ್ಪುವುದಿಲ್ಲ. ಕಾಲು ಚಾಚಿದರೆ ಕಾಲು ಅಷ್ಟೇ ಇರುತ್ತದೆ, ಏನೂ ಸೇರುವುದಿಲ್ಲ. ಉದ್ದವಾಗು ಅನ್ನುವ ಅರ್ಥದ ‘ನೀಡು’ ಅನ್ನುವ ಹಳೆಯ ಪದದ ಮೇಲೆ ನನಗೆ ಬಹಳ ಆಸೆ ಇತ್ತು. ನೀಳ, ನಿಡಿದು ಎಲ್ಲ ಅದರ ಬಳಗವೇ. ಆದರೆ ನಮ್ಮ ಕಡೆ ನೀಡು ಅಂದರೆ ಊಟ ಬಡಿಸು. ಕಾವು ಅಂದರೆ ಬಿಸಿ ಅಂತಲೂ ಇದೆ. ‘ಕಾವು ನೀಡು’ ಅಂದರೆ ಕೋಳಿ ಮೊಟ್ಟೆಯ ಮೇಲೆ ಕೂತದ್ದೇ ಕಣ್ಣಿಗೆ ಬರುತ್ತದೆ. ಮನಸ್ಸಿಲ್ಲದೆ ಬಿಟ್ಟೆ.

ಸಿಗದೆ ಉಳಿದದ್ದು ಒಂದು. ತೆಳ್ಳಗೆ ಕೆತ್ತಿ ಒಳಗೆ ಸೇರಿಸಿದ ಆ ಆರು ಬೆರಳಿನ ಭಾಗಕ್ಕೆ ಹೆಸರೇನು? ಬಡಿಗೇರು ಕೆಲಸ ಮಾಡುತ್ತಾ “ಇದರ ಮೂತಿ ಬಿಗಿ ಕುಂದ್ರಬೇಕ್ರಿ” ಅಂದರು. ಮೂತಿ ಮಾತಿಗೆ ಚೆನ್ನಾಗಿದೆ, ಆದರೆ ಅದು ಕೆಲಸದ ಪದವೋ, ಆ ಹೊತ್ತಿಗೆ ಬಾಯಿಗೆ ಬಂದದ್ದೋ? ಬೆಣೆ ಅನ್ನುವ ಹಾಗಿಲ್ಲ. ಬೆಣೆ ಬೇರೆಯದೇ ತುಂಡು, ಸಂದಿಯಲ್ಲಿ ಹೊಡೆದು ಬಿಗಿ ಮಾಡುವಂಥದ್ದು. ಕೀಲು ಹತ್ತಿರ ಬರುತ್ತದೆ. ‘ಒಳಗೀಲು’ ಅಂದರೆ ಹೇಗೆ?

ಹಾನಗಲ್ ಕಡೆಯ ಅಡಿಕೆ ತೋಟದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಗೊನೆ ಕೊಯ್ಯುವ ನಿಮ್ಮ ಉದ್ದನೆಯ ದೋಟಿಗೆ ಗಳದ ಮೇಲೆ ಗಳ ಸೇರಿಸುವಾಗ ಆ ಕೂಡುವ ಜಾಗಕ್ಕೆ ಏನಂತೀರಿ? ಈಗಿನ ಫೈಬರ್ ದೋಟಿಯಲ್ಲಿ ಒಂದರೊಳಗೊಂದು ಹೋಗುವ ಕೊಳವೆಗಳಿಗೆ ಆಳುಗಳು ಏನನ್ನುತ್ತಾರೆ? ಮುಂಡರಗಿ, ಗಳಗನಾಥದ ಕಡೆ ತುಂಗಭದ್ರೆಯಲ್ಲಿ ಮೀನು ಹಿಡಿಯುವವರ ಮಾತು ಕೇಳಿದವರೂ ಬರೆಯಿರಿ. ಯಾವ ಊರು, ಯಾರ ಬಾಯಿಂದ ಯಾವ ಸಾಮಾನಿಗೆ ಆ ಪದ ಕೇಳಿದಿರಿ ಅನ್ನುವುದನ್ನೂ ಸೇರಿಸಿ.