ಆಕ್ರಮಿತ ಪ್ರದೇಶದ ಮೊಬೈಲ್ ವಿಡಿಯೊ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಬಸವನಗುಡಿ

ಸೇನೆಯ ವಶದಲ್ಲಿರುವ ಪ್ರದೇಶಗಳಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಯನ್ನು ದಾಖಲಿಸುವ ಬಗೆಯ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. 1949ರ ನಾಲ್ಕನೇ ಜಿನೀವಾ ಒಪ್ಪಂದದ 49ನೇ ವಿಧಿಯು ಅಲ್ಲಿನ ಜನರನ್ನು ಬಲವಂತವಾಗಿ ಸಾಗಿಸುವುದನ್ನೂ, ಆಕ್ರಮಿಸಿದ ದೇಶ ತನ್ನವರನ್ನು ತಂದು ನೆಲೆಗೊಳಿಸುವುದನ್ನೂ ನಿಷೇಧಿಸುತ್ತದೆ ಎಂಬುದು ತಿಳಿದಿದೆ. ಆದರೆ ಇಸ್ರೇಲ್ ವಶದಲ್ಲಿರುವ ಪಶ್ಚಿಮ ದಂಡೆಯಿಂದಲೋ ಉಕ್ರೇನಿನಿಂದಲೋ ಬರುವ ಮೊಬೈಲ್ ವಿಡಿಯೊಗಳಿಗೆ ಸಾಕ್ಷ್ಯದ ಬೆಲೆ ಎಷ್ಟು? ಬೆಂಗಳೂರಿನಲ್ಲಿ ಕುಳಿತವರು ಮಾಡಬಹುದಾದ ಕೆಲಸವೇನಾದರೂ ಇದೆಯೇ?

ಉತ್ತರ 1: ವಕೀಲ, ಜಯನಗರ

ಬೆಲೆ ಇದೆ. 2017ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಸೇನಾ ಕಮಾಂಡರ್ ಮಹಮೂದ್ ಅಲ್-ವರ್ಫಲ್ಲಿ ವಿರುದ್ಧ ಬಂಧನ ವಾರಂಟ್ ಹೊರಡಿಸಿದಾಗ ಸಾಮಾಜಿಕ ಜಾಲತಾಣದ ವಿಡಿಯೊಗಳನ್ನೇ ಬಹುಪಾಲು ಆಧರಿಸಿತ್ತು. ಅದು ಆಕ್ರಮಿತ ಪ್ರದೇಶದ ಪ್ರಕರಣವಲ್ಲ; ಆತ 2021ರಲ್ಲಿ ಹತನಾದ್ದರಿಂದ ಆ ವಿಡಿಯೊಗಳು ವಿಚಾರಣೆಯಲ್ಲಿ ಪರೀಕ್ಷೆಗೂ ಒಳಗಾಗಲಿಲ್ಲ. ಇಂಥ ತನಿಖೆಗೆ 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಸೇರಿ ರೂಪಿಸಿದ ಬರ್ಕ್ಲಿ ಪ್ರೋಟೊಕಾಲ್ ಎಂಬ ಮಾರ್ಗಸೂಚಿ ಇದೆ, ಅದನ್ನು ಮೊದಲು ಓದಿ.

ಉತ್ತರ 2: ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ಎರಡನೆಯ ಪ್ರಶ್ನೆಗೆ ಉತ್ತರ: ವಿಡಿಯೊದ ಸ್ಥಳವನ್ನು ಖಚಿತಪಡಿಸುವ ಕೆಲಸ ಎಲ್ಲಿಂದಲಾದರೂ ಸಾಧ್ಯ. ಮಿನಾರ್, ನೀರಿನ ಟ್ಯಾಂಕ್, ರಸ್ತೆಯ ತಿರುವುಗಳನ್ನು ಉಪಗ್ರಹ ಚಿತ್ರದೊಂದಿಗೆ ಹೋಲಿಸಿ, ನೆರಳಿನ ದಿಕ್ಕಿನಿಂದ ಸಮಯವನ್ನು ಅಂದಾಜು ಮಾಡುತ್ತಾರೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ವಿಡಿಯೊ ಕುಗ್ಗಿಹೋಗಿರುತ್ತದೆ, ಅದರೊಳಗಿನ ಸಮಯ ಮತ್ತು ಸ್ಥಳದ ಮಾಹಿತಿಯೂ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಆದ್ದರಿಂದ ಮೂಲ ಕಡತವನ್ನೇ ಪಡೆದು, ಕೈಗೆ ಬಂದ ಕೂಡಲೇ ಅದರ ಹ್ಯಾಶ್ ಮೌಲ್ಯವನ್ನು (ಕಡತ ಚೂರು ತಿದ್ದಿದರೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಬರೆದಿಟ್ಟು, ಮುಂದೆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ನಮ್ಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಹ್ಯಾಶ್ ಕೇಳುತ್ತದೆ. ತಡ ಮಾಡಬಾರದು: 2017ರಲ್ಲಿ ಸಿರಿಯಾದ ಎಷ್ಟೋ ವಿಡಿಯೊಗಳನ್ನು ಯೂಟ್ಯೂಬ್ ತೆಗೆದುಹಾಕಿತು. ಸಿಕ್ಕಿದ್ದನ್ನೆಲ್ಲ ಉಳಿಸಿಕೊಳ್ಳುವುದೇ ಸರಿ.

ಉತ್ತರ 3: ನಿವೃತ್ತ ಪತ್ರಕರ್ತೆ, ಮಲ್ಲೇಶ್ವರ

"ಸಿಕ್ಕಿದ್ದನ್ನೆಲ್ಲ" ಎಂಬುದನ್ನು ನಾನು ಒಪ್ಪಲಾರೆ. ಸೇನೆಯ ಹಿಡಿತದಲ್ಲೇ ಬದುಕುವವರ ಮುಖ, ಮನೆ, ಹೇಳಿಕೆಗಳು ಒಂದೇ ಹಾರ್ಡ್ ಡಿಸ್ಕ್‌ನಲ್ಲಿದ್ದು ಅದು ಜಪ್ತಿಯಾದರೆ, ಬಂಧಿಸಬೇಕಾದವರ ಪಟ್ಟಿಯನ್ನು ನಾವೇ ಸಿದ್ಧಪಡಿಸಿ ಕೊಟ್ಟಂತಾಗುತ್ತದೆ. ಇದು ಬರೀ ಊಹೆಯಲ್ಲ: 1979ರಿಂದ ಪಶ್ಚಿಮ ದಂಡೆಯ ರಾಮಲ್ಲಾದಲ್ಲಿ ದಾಖಲಾತಿ ನಡೆಸಿಕೊಂಡು ಬಂದ ಪ್ಯಾಲೆಸ್ತೀನಿಯರ ಮಾನವ ಹಕ್ಕು ಸಂಸ್ಥೆ ಅಲ್-ಹಕ್ ಅನ್ನು 2021ರಲ್ಲಿ ಇಸ್ರೇಲ್ ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತು, ಮರುವರ್ಷ ಅದರ ಕಚೇರಿಗೇ ಸೇನೆ ನುಗ್ಗಿತು. ಹೆಸರುಗಳನ್ನು ಸಂಕೇತ ಸಂಖ್ಯೆಗೆ ಬದಲಿಸಿ ಬೇರೆಡೆ ಇಡಬೇಕು. ಪ್ರಕಟಣೆಗೆ ಒಪ್ಪಿದವರು ನ್ಯಾಯಾಲಯಕ್ಕೂ ಒಪ್ಪಿದ್ದಾರೆ ಎಂದು ಭಾವಿಸದೆ ಪ್ರತಿಯೊಂದು ಬಳಕೆಗೂ ಬೇರೆಯಾಗಿ ಕೇಳಬೇಕು.

ಇನ್ನೊಂದು ಮಾತು: ವಿಡಿಯೊದ ಮೇಲೆ ಇಷ್ಟು ಮೋಹ ಬೇಡ. ಉಕ್ರೇನಿನ ಮಕ್ಕಳನ್ನು ಸಾಗಿಸಿದ ಆರೋಪದ ಮೇಲೆ 2023ರ ಮಾರ್ಚ್‌ನಲ್ಲಿ ಅದೇ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಪುಟಿನ್ ವಿರುದ್ಧ ವಾರಂಟ್ ಹೊರಟಾಗ, ಆ ಮಕ್ಕಳಿಗೆ ರಷ್ಯಾದ ಪೌರತ್ವವನ್ನು ಬೇಗ ಕೊಡಲು ಹೊರಡಿಸಿದ್ದ ಆದೇಶಗಳನ್ನೇ ಪ್ರಾಸಿಕ್ಯೂಟರ್ ಎತ್ತಿ ತೋರಿಸಿದರು. ಜಮೀನು ವಶಪಡಿಸಿಕೊಳ್ಳುವ ನೋಟಿಸ್, ಮನೆ ಕೆಡವುವ ಆದೇಶ, ಗೆಜೆಟ್ ಪ್ರಕಟಣೆ ಇವೆಲ್ಲ ಆಳುವವರೇ ಸಹಿ ಹಾಕಿದ ಕಾಗದಗಳಾದ್ದರಿಂದ ಅವುಗಳನ್ನು ಸುಳ್ಳೆನ್ನುವುದು ಅವರಿಗೆ ಕಷ್ಟ. ನಿಮ್ಮ ಪ್ರಬಂಧದ ಒಂದು ಅಧ್ಯಾಯವನ್ನಾದರೂ ಈ ಕಾಗದಪತ್ರಗಳಿಗೆ ಮೀಸಲಿಡಿ.