ಅಣ್ಣ ತೋಟಕ್ಕೆ ಇಳಿಯುತ್ತಿಲ್ಲ. ಖಿನ್ನತೆ ಯಾಕೆ ಬರುತ್ತದೆ? ಅನುಭವ ಇದ್ದವರು ಹೇಳಿ

ಕೇಳಿದವರು: ಹೊಸನಗರ ಕಡೆಯ ತಮ್ಮ

ಎರಡೂವರೆ ಎಕರೆ ಅಡಿಕೆ ತೋಟ ನಮ್ಮದು. ನೋಡಿಕೊಳ್ಳುವುದು ಅಣ್ಣ, ವಯಸ್ಸು 46. ನಾನು ಶಿವಮೊಗ್ಗದಲ್ಲಿದ್ದೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿನಿಂದ ಅವನು ತೋಟಕ್ಕೆ ಇಳಿಯುವುದೇ ಅಪರೂಪ. ಚೇಣಿ, ಅಂದರೆ ಫಸಲನ್ನು ಬೇರೆಯವರಿಗೆ ಗುತ್ತಿಗೆ ಕೊಡುವುದು, ಆ ಮಾತೆತ್ತಿದರೇ ಸಿಡಿದು ಬೀಳುತ್ತಿದ್ದವನು ಈ ಸಲ ಕೊಯ್ಲನ್ನು ಚೇಣಿಗೆ ಕೊಟ್ಟುಬಿಟ್ಟ. ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂತಿರುತ್ತಾನಂತೆ. ಊಟ ಅರ್ಧಕ್ಕೇ ಬಿಡುತ್ತಾನೆ. "ನನ್ನಿಂದ ಯಾರಿಗೂ ಉಪಯೋಗ ಇಲ್ಲ" ಅನ್ನುತ್ತಾನೆ. ಎಂತಕ್ಕೆ ಹೀಗೆ ಎಂದು ಕೇಳಿದರೆ "ಎಂತ ಇಲ್ಲ ಮಾರಾಯ" ಅಷ್ಟೇ. ಎಲೆಚುಕ್ಕೆ ರೋಗದ ಚಿಂತೆ ಅಂತ ಅತ್ತಿಗೆ, ಗ್ರಹಚಾರ ಅಂತ ಅಮ್ಮ, ಮಗಳು ಹಾಸ್ಟೆಲಿಗೆ ಹೋದ ಬೇಜಾರು ಅಂತ ಪಕ್ಕದ ಮನೆಯವರು. ನಿಜವಾದ ಕಾರಣ ಯಾವುದು ಅಂತ ಹುಡುಕುವುದು ಹೇಗೆ? ನಿಮ್ಮ ಮನೆಗಳಲ್ಲಿ ಎಲ್ಲಿಂದ ಶುರುವಾಗಿತ್ತು?

ಸಾಗರದಿಂದ ಒಬ್ಬ ಅಕ್ಕ

ತಮ್ಮಾ, ಮೊದಲು ರಕ್ತ ಪರೀಕ್ಷೆ ಮಾಡಿಸು. ನನಗೆ 41ನೇ ವಯಸ್ಸಿನಲ್ಲಿ ಶುರುವಾಯಿತು. ಬೆಳಗ್ಗೆ ಒಲೆ ಮುಂದೆ ಕೂತರೆ ಏಳುವ ಮನಸ್ಸೇ ಆಗುತ್ತಿರಲಿಲ್ಲ. ಮಳೆಗಾಲದ ಥಂಡಿ ಅಂದುಕೊಂಡು ಕಂಬಳಿ ಹೊದ್ದೆ. ಏಪ್ರಿಲ್ ಬಂದರೂ ಚಳಿ ಹೋಗಲಿಲ್ಲ. ಕೂದಲು ಉದುರಿತು, ಮೈ ಊದಿಕೊಂಡಿತು, ಸಾರಿಗೆ ಒಗ್ಗರಣೆ ಹಾಕುವಾಗ ಸುಮ್ಮನೆ ಅಳು ಬರುತ್ತಿತ್ತು. ಮನೆಯಲ್ಲಿ ಸೋಮಾರಿತನ ಅಂದರು, ನಾನೂ ಅದನ್ನೇ ನಂಬಿದೆ. ಒಂದು ವರ್ಷ ಹರಕೆ, ಕಷಾಯದಲ್ಲೇ ಹೋಯಿತು. ಕೊನೆಗೆ ಬೇರೆ ಯಾವುದಕ್ಕೋ ಹೋದಾಗ ವೈದ್ಯರು ಕುತ್ತಿಗೆ ಮುಟ್ಟಿ ನೋಡಿ ಥೈರಾಯ್ಡ್ ತಿಳಿಯುವ ಟಿಎಸ್‌ಎಚ್ ಪರೀಕ್ಷೆ ಬರೆದರು. ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾದರೆ ಮೈಯಷ್ಟೇ ಅಲ್ಲ, ಮನಸ್ಸೂ ಮಂಕಾಗುತ್ತದಂತೆ. ಆವತ್ತಿನಿಂದ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ. ಎರಡು ತಿಂಗಳು ಕಳೆದಿರಬೇಕು, ಒಂದು ಮಧ್ಯಾಹ್ನ ಯಾರೂ ಹೇಳದೆ ನಾನಾಗೇ ಹಲಸಿನ ಹಪ್ಪಳ ಒತ್ತಲು ಕೂತಿದ್ದೆ.

ನಿನ್ನ ಅಣ್ಣನಿಗೂ ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ಥೈರಾಯ್ಡ್, ಸಕ್ಕರೆ, ರಕ್ತಹೀನತೆ, ಬಿ12 ಇಷ್ಟನ್ನು ನೋಡಿಸದೆ ಮುಂದೆ ಹೋಗಬೇಡ. ಮೀನು, ಮೊಟ್ಟೆ ತಿನ್ನದ ನಮ್ಮಂಥ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದರಿಂದಲೂ ಸುಸ್ತು, ಮರೆವು, ಮನಸ್ಸು ಕುಗ್ಗುವುದು ಎಲ್ಲ ಬರುತ್ತದೆ.

ತೀರ್ಥಹಳ್ಳಿಯ ಒಬ್ಬ ಮೇಷ್ಟ್ರು

ಅಕ್ಕ ಹೇಳಿದ್ದು ಸರಿ. ಆದರೆ ನಮ್ಮ ಅಪ್ಪಯ್ಯನ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ. ಅವರದು ಶುರುವಾದದ್ದು ಅಡಿಕೆಗೆ ಕೊಳೆರೋಗ ಹೊಡೆದ ವರ್ಷ. ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡು ಎರಡನೇ ಸಲದ ಔಷಧಿಗೆ ಕಾದದ್ದೇ ಬಂತು, ಮಳೆ ಬಿಡಲಿಲ್ಲ. ಬುಡದಲ್ಲೆಲ್ಲ ಕೊಳೆತ ಕಾಯಿ. ಆಗ ಅಪ್ಪಯ್ಯ ಅಳಲಿಲ್ಲ, ಸಿಟ್ಟಾದರು. ತಟ್ಟೆ ತಳ್ಳುವುದು, ಆಳುಗಳ ಮೇಲೆ ಕೂಗುವುದು. ನಮ್ಮ ಕಡೆಯ ಗಂಡಸರ ದುಃಖ ಹೆಚ್ಚಾಗಿ ಸಿಟ್ಟಿನ ರೂಪದಲ್ಲೇ ಹೊರಬರುತ್ತದೆ, ಅದು ನಮಗೆ ಆಗ ಗೊತ್ತಿರಲಿಲ್ಲ. ಆಮೇಲೆ ಸಂಜೆಯ ಕುಡಿತ ಸೇರಿಕೊಂಡಿತು. ಕುಡಿದೇ ಹೀಗಾಗಿದ್ದಾರೆ ಅಂತ ನಾವು ಜಗಳ ತೆಗೆದೆವು. ಅವರು ಕುಡಿಯುತ್ತಿದ್ದದ್ದು ನಿದ್ರೆ ಬರಲಿ ಅಂತ. ಕುಡಿದರೆ ಬೇಗ ನಿದ್ರೆ ಹತ್ತುತ್ತದೆ ನಿಜ, ಆದರೆ ನಡುರಾತ್ರಿ ಎಚ್ಚರಾಗಿಬಿಡುತ್ತದೆ, ಮರುದಿನ ಮನಸ್ಸು ಇನ್ನಷ್ಟು ಕುಸಿಯುತ್ತದೆ.

ಸೊಸೈಟಿ ಸಾಲ ನಮಗೆಲ್ಲ ಗೊತ್ತಿತ್ತು. ಅದರ ಮೇಲೆ ಮುಚ್ಚಿಟ್ಟ ಕೈಸಾಲ ಇತ್ತು ಅಂತ ತಿಳಿದದ್ದು ಬಹಳ ತಡವಾಗಿ. ಹಾಗಾದರೆ ಸಾಲವೇ ಕಾರಣವೇ? ಚಿಕ್ಕಪ್ಪನಿಗೂ ಅಷ್ಟೇ ಸಾಲ, ಅದೇ ಕೊಳೆ, ಪಕ್ಕದ್ದೇ ತೋಟ. ಅವರು ಹಾಡಿಕೊಂಡು ಸೊಪ್ಪು ತರುತ್ತಿದ್ದರು. ವೈದ್ಯರು ಮನೆತನದ ಬಗ್ಗೆ ಕೇಳಿದಾಗ ಅಮ್ಮ ಮೆಲ್ಲಗೆ ಬಾಯಿಬಿಟ್ಟಳು: ಅಪ್ಪಯ್ಯನ ತಾಯಿ ಕೊನೆಯ ಬಾಣಂತನದ ನಂತರ ವರ್ಷಗಟ್ಟಲೆ ಕತ್ತಲೆ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲವಂತೆ. ಮನೆತನದಲ್ಲಿದ್ದರೆ ಬರುವ ಸಾಧ್ಯತೆ ಹೆಚ್ಚು, ಆದರೆ ಬಂದೇ ಬರುತ್ತದೆ ಎಂದಲ್ಲ ಅಂದರು ವೈದ್ಯರು. ಚಿಕ್ಕಪ್ಪನೂ ಅದೇ ತಾಯಿಯ ಮಗ ಅಲ್ಲವೇ.

ಕೊಳೆ, ಸಾಲ, ಮುಚ್ಚಿಟ್ಟ ಭಯ, ಕುಡಿತ, ಅಜ್ಜಿಯಿಂದ ಬಂದದ್ದು. ಇದರಲ್ಲಿ ಯಾವುದು ಕಾರಣ ಅಂತ ನಾನು ವರ್ಷಗಟ್ಟಲೆ ಲೆಕ್ಕ ಹಾಕಿದೆ. ಅವರನ್ನೂ "ಎಂತಕ್ಕೆ, ಎಂತಕ್ಕೆ" ಅಂತ ಕೇಳಿ ಹಣ್ಣು ಮಾಡಿದೆ. ಅವರಿಗೇ ಗೊತ್ತಿರಲಿಲ್ಲ. ಉತ್ತರ ಇಲ್ಲದ್ದು ಅವರಿಗೆ ಇನ್ನೊಂದು ತಪ್ಪಿನ ಹಾಗೆ ಕಾಣುತ್ತಿತ್ತು. ನೀವು ಆ ಪ್ರಶ್ನೆ ಬಿಡಿ. "ರಾತ್ರಿ ಎಷ್ಟು ಹೊತ್ತು ನಿದ್ರೆ ಬಂತು?" ಅಂತ ಕೇಳಿ ನೋಡಿ, ಅದಕ್ಕೆ ಉತ್ತರ ಸಿಗುತ್ತದೆ.

ಬೆಂಗಳೂರಿನಲ್ಲಿರುವ ಆಗುಂಬೆ ಕಡೆಯವ

ಅಮ್ಮ ಒಬ್ಬಳೇ ಊರಲ್ಲಿದ್ದಳು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಜುಲೈನಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ವಾರಗಟ್ಟಲೆ ಬಿಸಿಲಿಲ್ಲ. ಅಪ್ಪ ಹೋದ ಮೇಲಿನ ಎರಡನೇ ಮಳೆಗಾಲ ಅವಳು ಮಾತು ನಿಲ್ಲಿಸಿದಳು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ಕನ ಮನೆಯಲ್ಲಿ ಇರುತ್ತಾಳೆ. ಮಳೆಯೋ, ಒಂಟಿತನವೋ, ಅಪ್ಪನ ಸಾವೋ, ಬಿಡಿಸಿ ಹೇಳಲು ನನಗೂ ಆಗುವುದಿಲ್ಲ.

ಸಾಗರ ತಾಲ್ಲೂಕಿನ ಹಿರಿಯರೊಬ್ಬರು

ನಮ್ಮದು ಶರಾವತಿ ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮನೆ, ಗದ್ದೆ, ಬನ ಎಲ್ಲ ನೀರಿನಡಿಗೆ ಹೋಯಿತು. ನಮ್ಮ ತಂದೆ ಹೊಸ ಜಾಗದಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಗಟ್ಟಿಯಾಗೇ ಇದ್ದರು. ಎಪ್ಪತ್ತು ದಾಟಿದ ಮೇಲೆ ಜಮೀನಿನ ಹಕ್ಕಿನ ಬಗ್ಗೆ ಒಂದು ನೋಟಿಸ್ ಬಂತು. ಅವತ್ತಿನಿಂದ ಮಂಕಾದರು. ಕಾರಣ ನಿನ್ನೆಯದೇ ಆಗಿರಬೇಕಿಲ್ಲ ಮಗಾ.

ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನರ್ಸ್

ಬೆಳಗಿನ ಜಾವದ ಎಚ್ಚರ, ಊಟ ಸೇರದಿರುವುದು, ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಬೇಡವಾಗುವುದು, ನಾನು ಉಪಯೋಗಕ್ಕೆ ಬಾರದವನು ಅನ್ನಿಸುವುದು. ಇವು ಎರಡು ವಾರ ಬಿಡದೆ ಇದ್ದರೇ ವೈದ್ಯರಿಗೆ ತೋರಿಸಬೇಕು. ನಿಮ್ಮ ಅಣ್ಣನಿಗೆ ತಿಂಗಳುಗಳೇ ಆಗಿವೆ. ಕಾರಣ ಸಿಕ್ಕ ಮೇಲೆ ಚಿಕಿತ್ಸೆ ಅಂತ ಕಾಯಬೇಡಿ. ಮೇಷ್ಟ್ರು ಹೇಳಿದ ಹಾಗೆ ಕಾರಣಗಳು ಗುಂಪಾಗಿ ಬರುತ್ತವೆ, ಕೆಲವರಿಗೆ ಕಣ್ಣಿಗೆ ಕಾಣುವ ಕಾರಣವೇ ಇರುವುದಿಲ್ಲ. ಚಿಕಿತ್ಸೆ ಇಬ್ಬರಿಗೂ ಹಿಡಿಯುತ್ತದೆ.

"ಉಪಯೋಗ ಇಲ್ಲ" ಎಂಬ ಮಾತು ನನಗೆ ಹೆದರಿಕೆ ಹುಟ್ಟಿಸಿತು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು, ಬಹಳ ಜನಕ್ಕೆ ಯಾರೋ ಕೇಳಿದರಲ್ಲ ಅಂತ ಹಗುರವಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟಕ್ಕೆ ಹೊಡೆಯುವ ವಿಷದ ಔಷಧಿಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಇರುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೇ ಇದೆ. 14416 ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮಾತ್ರೆ ಕೊಟ್ಟರೆ ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಿಸಬೇಡಿ, ಚೆನ್ನಾಗಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವುದು ವೈದ್ಯರು ಹೇಳಿದ ಹಾಗೆ. ಅಮ್ಮ ಪೂಜೆ ಮಾಡಿಸುತ್ತೇನೆ ಅಂದರೆ ಮಾಡಿಸಲಿ, ತಡೆಯಬೇಡಿ. ಪೂಜೆ ಮುಗಿಯಲಿ ಅಂತ ಆಸ್ಪತ್ರೆಯನ್ನು ಮುಂದೂಡಬೇಡಿ.

ಹೊಸನಗರ ಕಡೆಯ ತಮ್ಮ, ಮಾರನೇ ದಿನ

ರಾತ್ರಿಯೇ ಬಸ್ಸು ಹತ್ತಿ ಊರಿಗೆ ಬಂದೆ. ಬೆಳಗಿನ ಜಾವ ನಾನೂ ಎದ್ದು ಜಗಲಿಯಲ್ಲಿ ಪಕ್ಕ ಕೂತು, ನಿದ್ರೆ ಎಷ್ಟು ಹೊತ್ತು ಬಂತು ಅಂತ ಕೇಳಿದೆ. ಬೆಳಕು ಹರಿಯುವವರೆಗೆ ಮಾತಾಡಿದ. ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಒಂದೆರಡು ಸಲ" ಅಂದ. ಔಷಧಿ ಡಬ್ಬಗಳನ್ನೆಲ್ಲ ಅತ್ತಿಗೆ ಭಾವನ ಮನೆಗೆ ಕಳಿಸಿದ್ದಾಳೆ. ಮಂಗಳವಾರಕ್ಕೆ ಕಾಯುವುದಿಲ್ಲ, ಈಗಲೇ ಮೆಗ್ಗಾನ್‌ಗೆ ಹೊರಟಿದ್ದೇವೆ. ರಕ್ತ ಪರೀಕ್ಷೆಯನ್ನೂ ಅಲ್ಲೇ ಕೇಳುತ್ತೇನೆ ಅಕ್ಕ. ಬರುತ್ತೇನೆ, ಆದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಬಂದುಬಿಡಬೇಕು ಅಂದಿದ್ದಾನೆ.